ಟ್ರೇಲರ್ ಕಟ್ಟಿಕೊಂಡು ಸಂಪಾಜೆ ಘಾಟಿ: ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಡೆಯುತ್ತದಾ?

ಪ್ರಶ್ನೆ (ಬದಿಯಡ್ಕ): ನಮಸ್ಕಾರ ಅಣ್ಣ. ನನ್ನದು 6 ಗೇರಿನ ಡೀಸೆಲ್ ಎಸ್‌ಯುವಿ, ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. ಭಾವ ಒಂದು ಸಣ್ಣ ಕ್ಯಾರವಾನ್ ಟ್ರೇಲರ್ ತೆಗೆದುಕೊಂಡಿದ್ದಾರೆ, ಖಾಲಿ 800 ಕೆಜಿ. ಅದನ್ನು ಕಟ್ಟಿಕೊಂಡು ಮುಳ್ಳೇರಿಯ, ಜಾಲ್ಸೂರು, ಸುಳ್ಯ ಆಗಿ ಮಡಿಕೇರಿಗೆ ಹೊರಟೆವು. ಸಂಪಾಜೆ ದಾಟಿ ಚಡಾವು ಹತ್ತುವಾಗ ಗೇರ್‌ಬಾಕ್ಸ್ ಬಿಸಿ ಅಂತ ಮೀಟರಿನಲ್ಲಿ ದೀಪ ಬಂತು. ಕೂಡಲೇ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿದೆ. ಅರ್ಧ ಗಂಟೆ ಬಿಟ್ಟು ಹೊರಟಾಗ ದೀಪ ಇಲ್ಲ. ಪುಸ್ತಕದಲ್ಲಿ 1,500 ಕೆಜಿ ಎಳೆಯಬಹುದು ಅಂತ ಇದೆ, ಮತ್ತೆ ಯಾಕೆ ಹೀಗೆ? ಬಾಕ್ಸ್ ಹಾಳಾಗಿದೆಯಾ?

ಉತ್ತರ: ದೀಪ ಬಂದ ಕೂಡಲೇ ನಿಲ್ಲಿಸಿದ್ದೀರಿ, ಹಾಗಾಗಿ ಬಾಕ್ಸ್ ಹೋಗಿರಲಿಕ್ಕಿಲ್ಲ. ಆದರೆ ಗೇರ್‌ಬಾಕ್ಸ್ ಆಯಿಲ್ ನೋಡಿಸದೆ ಪುನಃ ಟ್ರೇಲರ್ ಕಟ್ಟಬೇಡಿ.

ನಿಮ್ಮ ಟಾರ್ಕ್ ಕನ್ವರ್ಟರ್ ಒಳಗೆ ಎದುರುಬದುರು ಎರಡು ಚಕ್ರಗಳಿವೆ. ಎಂಜಿನ್ ಕಡೆಯದು ಆಯಿಲನ್ನು ಎಸೆಯುತ್ತದೆ, ಆ ಆಯಿಲಿನ ಹೊಡೆತಕ್ಕೆ ಗೇರ್‌ಬಾಕ್ಸ್ ಕಡೆಯದು ತಿರುಗುತ್ತದೆ. ಸುಳ್ಯದವರೆಗೆ ಒಂದೇ ವೇಗದಲ್ಲಿ ಹೋಗುವಾಗ ಲಾಕ್‌ಅಪ್ ಕ್ಲಚ್ ಎರಡನ್ನೂ ಹಿಡಿದು ಒಂದು ಮಾಡಿರುತ್ತದೆ. ಜಾರುವಿಕೆ ಇಲ್ಲ, ಬಿಸಿಯೂ ಕಡಿಮೆ. ಹೇರ್‌ಪಿನ್ ತಿರುವಿನಲ್ಲಿ 15–20 ಕಿ.ಮೀ. ವೇಗಕ್ಕೆ ಇಳಿದಾಗ ಆ ಹಿಡಿತ ಬಿಟ್ಟುಹೋಗುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ತೆವಳುತ್ತದೆ. ನಡುವೆ ಕಳೆದುಹೋದ ಶಕ್ತಿ ಎಲ್ಲ ಆಯಿಲಿನ ಬಿಸಿಯಾಗುತ್ತದೆ. ಆ ವೇಗದಲ್ಲಿ ಆಯಿಲ್ ತಂಪು ಮಾಡುವ ಕೂಲರ್‌ಗೆ ಗಾಳಿಯೂ ಸಿಗುವುದಿಲ್ಲ. ತೂಕ ಮಿತಿಯ ಒಳಗೇ ಇದ್ದರೂ ಇದು ಆಗುತ್ತದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ, ಆ ಏರಿಕೆಯಲ್ಲಿ ಹೆಚ್ಚಿನದು ಸಂಪಾಜೆಯ ನಂತರವೇ.

ಆಯಿಲ್ ಸಾಮಾನ್ಯವಾಗಿ 80–95 ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ. 120 ದಾಟಿ ಜಾಸ್ತಿ ಹೊತ್ತು ಇದ್ದರೆ ಅದು ಕೆಡುತ್ತದೆ, ಸೀಲ್ ಗಟ್ಟಿಯಾಗುತ್ತದೆ, ಮತ್ತೆ ಕ್ಲಚ್ ಪ್ಲೇಟ್ ಜಾರಲು ಶುರು.

ಇನ್ನೊಮ್ಮೆ ಹೋಗುವಾಗ ಚಡಾವಿನಲ್ಲಿ ಡಿ-ಯಲ್ಲಿ (ಡ್ರೈವ್) ಬಿಡಬೇಡಿ. ಬಾಕ್ಸ್ ಸುಮ್ನೆ 3, 4, ಪುನಃ 3 ಅಂತ ಒದ್ದಾಡುತ್ತದೆ. ಮ್ಯಾನುವಲ್ ಮೋಡ್‌ನಲ್ಲಿ 2 ಅಥವಾ 3ನ್ನು ಹಿಡಿದಿಡಿ, 2,000–2,500 ಆರ್‌ಪಿಎಂ ಇರಲಿ. ಡೀಸೆಲ್ ಎಂಜಿನ್‌ಗೆ ಅದು ಕಷ್ಟವೇ ಅಲ್ಲ. ಎಸಿ ಆಫ್ ಮಾಡಿ, ಬೆಳಗ್ಗೆ ಬೇಗ ಹೊರಡಿ.

ದೀಪ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಪಿ-ಗೆ (ಪಾರ್ಕ್) ತನ್ನಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ ಮಾರಾಯ್ರೆ! ಆಯಿಲ್ ಪಂಪ್ ತಿರುಗುವುದು ಎಂಜಿನ್‌ನಿಂದಲೇ. ಆಫ್ ಮಾಡಿದರೆ ಕಾದ ಆಯಿಲ್ ಕೂಲರ್‌ಗೆ ಹೋಗದೆ ಅಲ್ಲೇ ನಿಲ್ಲುತ್ತದೆ.

ಮತ್ತೆ ಆ 800 ಕೆಜಿ ಖಾಲಿ ತೂಕ ಅಲ್ವಾ? 100 ಲೀಟರ್ ನೀರು ತುಂಬಿದರೆ ಅದೇ 100 ಕೆಜಿ. ಸಿಲಿಂಡರ್, ಹಾಸಿಗೆ, ಪಾತ್ರೆ ಬೇರೆ. ಸಾಮಾನು ತುಂಬಿಸಿ ಒಮ್ಮೆ ವೇಬ್ರಿಜ್‌ಗೆ ಹಾಕಿ ನೋಡಿ. ನೀರು ಮಡಿಕೇರಿಯಲ್ಲೇ ತುಂಬಿಸಿ.

ಪ್ರಶ್ನೆ (ಬದಿಯಡ್ಕ): ಶೋರೂಂನಲ್ಲಿ ಗೇರ್ ಆಯಿಲ್ ಬದಲಾಯಿಸುವುದೇ ಬೇಡ ಅಂದಿದ್ದರು. ಹೊರಗಿನಿಂದ ಕೂಲರ್ ಹಾಕಿಸಲಾ?

ಉತ್ತರ: ಪುಸ್ತಕದಲ್ಲಿ ಕಠಿಣ ಬಳಕೆ ಅಂತ ಬೇರೆ ಪಟ್ಟಿ ಇರುತ್ತದೆ, ಓದಿ ನೋಡಿ. ಟ್ರೇಲರ್ ಎಳೆಯುವುದು ಸಾಮಾನ್ಯವಾಗಿ ಅದರಲ್ಲಿ ಬರುತ್ತದೆ. ಆಯಿಲ್ ಕಂದು ಬಣ್ಣಕ್ಕೆ ತಿರುಗಿ ಕರಟಿದ ವಾಸನೆ ಬಂದರೆ ಖಂಡಿತ ಬದಲಾಯಿಸಿ. ಒಮ್ಮೆ ಡ್ರೇನ್ ಮಾಡಿದರೆ ಪೂರ್ತಿ ಬರುವುದಿಲ್ಲ, ಕನ್ವರ್ಟರ್ ಒಳಗೆ ಹಳೆಯದು ಉಳಿಯುತ್ತದೆ. ವರ್ಷಕ್ಕೊಂದು ಸಲ ಹೋಗುವುದಾದರೆ ಕೂಲರ್ ಬೇಡ, ಗೇರ್ ಹಿಡಿದು ಓಡಿಸಿದರೆ ಸಾಕು. ಆಗಾಗ ಘಾಟಿ ಹತ್ತುವವರಾದರೆ ಹಾಕಿಸಿ.

ಪ್ರಶ್ನೆ (ಮಂಜೇಶ್ವರ): ನನ್ನದು ಡ್ರೈ ಕ್ಲಚ್ ಡಿಸಿಟಿ, ಅಂದರೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್. ಅದರಲ್ಲಿ ಎಳೆಯಬಹುದಾ ಅಣ್ಣ?

ಉತ್ತರ: ಘಾಟಿಗೆ ಬೇಡ. ಅದರಲ್ಲಿ ಜಾರುವುದು ಕ್ಲಚ್ ಪ್ಲೇಟೇ, ತಂಪು ಮಾಡಲು ಆಯಿಲ್ ಇಲ್ಲ. ತಿರುವಿನಲ್ಲಿ ನಿಂತು ಹೊರಟಾಗೆಲ್ಲ ಅದು ಸವೆಯುತ್ತದೆ.