ಜಿಎಂಸಿ ಎರಡೂವರೆ ಟನ್ ಲಾರಿ (1/35): ಮರದ ಬಾಡಿಯ ಮೇಲೆ ತುಕ್ಕು ತೋರಿಸುವುದು ಸರಿಯೆ?

ಪ್ರಶ್ನೆ

ಇದುವರೆಗೆ ಟ್ಯಾಂಕುಗಳ ಮಾಡೆಲ್‌ಗಳನ್ನಷ್ಟೇ ಕಟ್ಟಿದ್ದ ನಾನು ಮೊದಲ ಬಾರಿಗೆ 1/35 ಅಳತೆಯ (ನಿಜವಾದದ್ದರ 35ನೆಯ ಒಂದು ಭಾಗದಷ್ಟು ಗಾತ್ರದ) ಲಾರಿಯೊಂದನ್ನು ಕೈಗೆತ್ತಿಕೊಂಡಿದ್ದೇನೆ. ಅದು ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಬಳಸಿದ ಜಿಎಂಸಿ ಸಿಸಿಕೆಡಬ್ಲ್ಯೂ-353. ಫ್ರಾನ್ಸಿನಲ್ಲಿ 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ನಡೆದ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂಬ, ಮುಂಚೂಣಿಯ ಸೇನೆಗೆ ಸರಕು ಸಾಗಿಸಿದ ಲಾರಿಸಾಲಿನ ಲಾರಿಯಾಗಿ ಅದನ್ನು ತೋರಿಸಬೇಕೆಂಬುದು ನನ್ನ ಆಸೆ. ಚಾಸಿ ಜೋಡಿಸಿ ಮುಗಿಸಿದ ಮೇಲೆ ಹಿಂದಿನ ಒಂದು ಚಕ್ರ ಮೇಜಿಗೆ ತಾಗದೆ ಎದ್ದು ನಿಂತಿದೆ. ಕ್ಯಾಬಿನ್ ಮುಚ್ಚಿಬಿಟ್ಟರೆ ಒಳಗೆ ಬಣ್ಣ ಹಚ್ಚುವುದು ಹೇಗೆಂದು ತಿಳಿಯುತ್ತಿಲ್ಲ. ಬಾಡಿ ಮರದ ಹಲಗೆಯದು. ಟ್ಯಾಂಕಿಗೆ ಮಾಡುವಂತೆ ಅದರ ಅಂಚುಗಳಲ್ಲಿ ತುಕ್ಕಿನ ಕಲೆಗಳನ್ನು ಹಾಕಬಹುದೆ? ಇದಲ್ಲದೆ, ನಾನಿರುವುದು ಮಂಗಳೂರಿನಲ್ಲಿ. ಮೊನ್ನೆ ಮಳೆಯ ದಿನ ಬಾನೆಟ್ಟಿಗೆ ಲ್ಯಾಕರ್ (ತಿನ್ನರಿನಲ್ಲಿ ಕರಗಿಸಿದ, ಬೇಗ ಆರುವ ಲೇಪ) ಸಿಂಪಡಿಸಿದಾಗ ಹಸಿರು ಬಣ್ಣದ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ ಕೂತುಬಿಟ್ಟಿತು.

ಮೊದಲ ಉತ್ತರ

ಲಾರಿಯ ಚಾಸಿ ಟ್ಯಾಂಕಿನ ಒಡಲಿನಂತೆ ಪೆಟ್ಟಿಗೆಯಲ್ಲ. ಎರಡು ಉದ್ದನೆಯ ತೊಲೆಗಳು, ನಡುವೆ ಅಡ್ಡಪಟ್ಟಿಗಳು, ಅಷ್ಟೇ. ಕೂದಲೆಳೆಯಷ್ಟು ತಿರುಚಿದರೂ ಚಕ್ರದಲ್ಲಿ ಕಾಣುತ್ತದೆ. ಹಿಂದಿನ ಎರಡು ಆಕ್ಸಲ್‌ಗಳ ಅಂಟನ್ನು ಜೋಪಾನವಾಗಿ ಬಿಡಿಸಿ, ಚಕ್ರಗಳನ್ನು ಅಂಟಿಲ್ಲದೆ ಸಿಕ್ಕಿಸಿ, ಲಾರಿಯನ್ನು ಗಾಜಿನ ಹಲಗೆಯ ಮೇಲೆ ನಿಲ್ಲಿಸಿ, ಎಲ್ಲ ಚಕ್ರಗಳೂ ಗಾಜಿಗೆ ಕೂತ ಸ್ಥಿತಿಯಲ್ಲೇ ಆಕ್ಸಲ್‌ಗಳಿಗೆ ಮತ್ತೆ ಅಂಟು ತಾಗಿಸಿ, ರಾತ್ರಿಯಿಡೀ ಮುಟ್ಟದೆ ಬಿಡಿ.

ಬಣ್ಣದ ವಿಷಯದಲ್ಲಿ ನನ್ನ ಸಲಹೆಯೆಂದರೆ ಚಾಸಿ, ಕ್ಯಾಬಿನ್, ಬಾಡಿ, ಚಕ್ರಗಳನ್ನು ಕೊನೆಯವರೆಗೂ ಬೇರೆಬೇರೆಯಾಗಿಯೇ ಇಟ್ಟುಕೊಳ್ಳುವುದು. ಕ್ಯಾಬಿನ್ನಿನ ನೆಲ, ಸೀಟು, ಸ್ಟೀರಿಂಗ್‌ಗಳಿಗೆ ಬಣ್ಣ ಹಚ್ಚಿದ ಮೇಲೆ ಚಾವಣಿ ಮುಚ್ಚಿ. ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ತಾಗಿದರೆ ಕಿಟಕಿಯ ಗಾಜು ಮಬ್ಬಾಗುವುದರಿಂದ ಗಾಜನ್ನು ಎಲ್ಲಕ್ಕಿಂತ ಕೊನೆಗೆ ಕೂರಿಸಿ. ಟೈರಿಗೆ ಅಚ್ಚ ಕಪ್ಪು ಬೇಡ, ಗಾಢ ಬೂದು ಸಾಕು.

ಎರಡನೆಯ ಉತ್ತರ

ತುಕ್ಕಿನ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಹಲಗೆಗೆ ತುಕ್ಕು ಹಿಡಿಯುವುದಿಲ್ಲ. ಈ ಲಾರಿಗೆ ಮೊದಲು ಉಕ್ಕಿನ ಬಾಡಿಯೇ ಇತ್ತು. ಯುದ್ಧಕಾಲದಲ್ಲಿ ಉಕ್ಕನ್ನು ಉಳಿಸಲೆಂದೇ ಮರದ ಬಾಡಿ ಬಂತು. ಆದ್ದರಿಂದ ಬಣ್ಣ ಕಿತ್ತ ಕಡೆ ಕಾಣಬೇಕಾದದ್ದು ಬೂದು ಛಾಯೆಯ ಬರಿಯ ಮರ. ಕಬ್ಬಿಣದ ಪಟ್ಟಿಗಳು, ಬೋಲ್ಟುಗಳು, ಕೊಂಡಿಗಳ ಬಳಿ ಬೇಕಾದರೆ ಕಂದು ಬಣ್ಣದ ಒಂದೆರಡು ಚುಕ್ಕೆ ಇಡಬಹುದು. 1/35ರಲ್ಲಿ ಒಂದು ಮಿಲಿಮೀಟರಿನ ಕಲೆಯೆಂದರೆ ನಿಜವಾದ ಲಾರಿಯಲ್ಲಿ 35 ಮಿಲಿಮೀಟರಿನ ಗಾಯ ಎಂಬುದನ್ನು ಪ್ರತಿ ಚುಕ್ಕೆಗೂ ಮುನ್ನ ನೆನೆಯಿರಿ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಈ ಲಾರಿಗಳ ತಯಾರಿಕೆ ಆರಂಭವಾದದ್ದೇ 1941ರಲ್ಲಿ. 1944ರಲ್ಲಿ ಅತ್ಯಂತ ಹಳೆಯ ಲಾರಿಗೂ ಮೂರು ವರ್ಷವಷ್ಟೇ. ಅವು ಹಾಳಾದದ್ದು ತುಕ್ಕಿನಿಂದಲ್ಲ, ಹಗಲಿರುಳು ಮಿತಿಮೀರಿದ ಭಾರ ಹೊತ್ತು ಓಡಿದ್ದರಿಂದ. ಹೀಗಾಗಿ ಸವೆತವನ್ನು ಕೆಲಸ ನಡೆದ ಜಾಗದಲ್ಲಿ ತೋರಿಸಿ: ಪೆಟ್ರೋಲಿನ ಜೆರಿಕ್ಯಾನುಗಳನ್ನು ಎಳೆದು ಗೀಚಿದ ಬಾಡಿಯ ನೆಲ, ಹಿಂಬಾಗಿಲಿನ ಮೇಲಂಚು, ಚಾಲಕ ಕಾಲಿಟ್ಟು ಹತ್ತುವ ಮೆಟ್ಟಿಲು. ಉಳಿದದ್ದೆಲ್ಲ ಧೂಳು. ಆದರೆ ಮೊದಲು ತಿಂಗಳನ್ನು ನಿರ್ಧರಿಸಿಕೊಳ್ಳಿ. ಸೇಂಟ್ ಲೋದಿಂದ ಶಾರ್ತ್ರ್ ಕಡೆಗಿನ ಆಗಸ್ಟಿನ ದಾರಿಯಾದರೆ ಮಾಸಲು ಹಳದಿ ಧೂಳನ್ನು ಚಕ್ರದ ಸುತ್ತ ದಟ್ಟವಾಗಿಯೂ ಮೇಲೇರಿದಂತೆ ತೆಳುವಾಗಿಯೂ ಹಾಯಿಸಿ; ಅಕ್ಟೋಬರಾದರೆ ಮಳೆ, ಕೆಸರು. ಎರಡನ್ನೂ ಒಂದೇ ಲಾರಿಗೆ ಮೆತ್ತಿದರೆ ಅದು ಯಾವ ದಿನದ ಲಾರಿಯೂ ಆಗುವುದಿಲ್ಲ.

ಕ್ಯಾಬಿನ್ನಿನಲ್ಲಿ ಚಾಲಕನ ಗೊಂಬೆ ಕೂರಿಸುವುದಾದರೆ ಇನ್ನೊಂದು ವಿನಂತಿ. ಆ ಸಾಲಿನ ಚಾಲಕರಲ್ಲಿ ಸುಮಾರು ಮುಕ್ಕಾಲು ಪಾಲು ಆಫ್ರಿಕನ್ ಅಮೆರಿಕನ್ ಸೈನಿಕರು. ಅವರು ದುಡಿದ ಸಾಲನ್ನೇ ನೀವು ಆರಿಸಿಕೊಂಡಿರುವಾಗ ಗೊಂಬೆಯ ಮೈಬಣ್ಣವನ್ನೂ ಅಷ್ಟೇ ಶ್ರದ್ಧೆಯಿಂದ ಬೆರೆಸಿ ಹಚ್ಚಿ.

ಮೂರನೆಯ ಉತ್ತರ

ಬಿಳಿ ಪೊರೆಗೆ ಕಾರಣ ತೇವಾಂಶ. ಲ್ಯಾಕರಿನ ತಿನ್ನರ್ ಬೇಗನೆ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯಲ್ಲಿರುವ ನೀರು ಬಣ್ಣದ ಮೇಲೆ ಕೂರುತ್ತದೆ. ನಿಧಾನವಾಗಿ ಆರಿಸುವ ರಿಟಾರ್ಡರ್ ಬೆರೆಸಿದ ತಿನ್ನರನ್ನು ಅದರ ಮೇಲೆ ತೆಳುವಾಗಿ ಸಿಂಪಡಿಸಿದರೆ ಪೊರೆ ಬಹುಮಟ್ಟಿಗೆ ಕರಗುತ್ತದೆ. ಮೊದಲು ಕಾಣದ ಒಂದು ಮೂಲೆಯಲ್ಲಿ ಪ್ರಯತ್ನಿಸಿ. ಕಂಪ್ರೆಸರಿನ ಕೊಳವೆಗೆ ನೀರು ಹಿಡಿಯುವ ಫಿಲ್ಟರ್ ಹಾಕಿಸಿ. ಬಿಳಿ ನಕ್ಷತ್ರದ ಡೀಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಅಂಟಿಸುವ ಮುನ್ನ ಅಷ್ಟು ಜಾಗಕ್ಕೆ ಹೊಳಪಿನ ವಾರ್ನಿಶ್ ಕೊಡುವುದನ್ನು ಮರೆಯಬೇಡಿ; ಒರಟು ಮ್ಯಾಟ್ ಬಣ್ಣದ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಉಳಿದು ಬೆಳ್ಳಿಯಂತೆ ಹೊಳೆಯುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಗಾಜಿನ ಮೇಲೆ ಕೂರಿಸಿದ್ದರಿಂದ ಚಕ್ರಗಳು ನೆಲಕ್ಕೆ ತಾಗಿವೆ, ಬಾನೆಟ್ಟಿನ ಪೊರೆಯೂ ಹೋಗಿದೆ. ಆಗಸ್ಟ್ ತಿಂಗಳನ್ನೇ ಆರಿಸಿಕೊಂಡಿದ್ದೇನೆ. ಎರಡು ಲಾರಿಗಳನ್ನು ಒಂದೇ ಹಲಗೆಯ ಮೇಲೆ ಹಿಂದೆಮುಂದೆ ನಿಲ್ಲಿಸುವ ಯೋಚನೆಯಿತ್ತು; ಆದರೆ ಆ ಸಾಲಿನಲ್ಲಿ ಲಾರಿಗಳ ನಡುವೆ 60 ಗಜ ಅಂತರವಿರಬೇಕೆಂಬ ನಿಯಮವಿತ್ತು. 1/35ರಲ್ಲಿ ಅದು ಒಂದೂವರೆ ಮೀಟರಿಗೂ ಹೆಚ್ಚು. ಆದ್ದರಿಂದ ಒಂದೇ ಲಾರಿ, ಮುಂದೆ ಖಾಲಿ ರಸ್ತೆ ಎಂದು ತೀರ್ಮಾನಿಸಿದ್ದೇನೆ.