ಮೆಮೊರಿಯಲ್ಲಿ ಇಟ್ಟದ್ದು ಒಂದು, ತೆಗೆದಾಗ ಸಿಗುವುದು ಇನ್ನೊಂದು
(ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್, ವೇದಿಕೆಯ ಚರ್ಚೆ; ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು)

ಹೊಸ ಡೈಪೋಲ್
ಲೈಸೆನ್ಸ್ ಬಂದು ನಾಲ್ಕು ತಿಂಗಳಾಯಿತು. ಎಚ್‌ಎಫ್ (ಶಾರ್ಟ್‌ವೇವ್) ಸೆಟ್ ಕೈಬದಲಾಗಿ ನನ್ನ ಬಳಿಗೆ ಬಂದದ್ದು, ಕೈಪಿಡಿ ಜೊತೆಗೆ ಬರಲಿಲ್ಲ. 99 ಮೆಮೊರಿ ಚಾನೆಲ್‌ಗಳಿವೆ ಎಂದು ಹಿಗ್ಗಿ ತುಂಬಿಸಲು ಕೂತೆ. ಈಗ ಸೆಟ್ ನನ್ನನ್ನು ಆಟವಾಡಿಸುತ್ತಿದೆ.

ಐದನೆಯ ಚಾನೆಲ್‌ನಲ್ಲಿ 7.110 ಮೆಗಾಹರ್ಟ್ಸ್ ಇಟ್ಟಿದ್ದೆ. ನಿನ್ನೆ ಅದನ್ನು ತೆರೆದು, ಡಯಲ್ ತಿರುಗಿಸುತ್ತಾ 7.143ಕ್ಕೆ ಹೋಗಿ ಗೆಳೆಯರೊಬ್ಬರ ಜೊತೆ ಅರ್ಧ ಗಂಟೆ ಮಾತನಾಡಿದೆ. ನಡುವೆ ಆರನೆಯ ಚಾನೆಲ್‌ಗೆ ಒಮ್ಮೆ ಇಣುಕಿ ವಾಪಸು ಬಂದರೆ ಮತ್ತೆ 7.110! ಗೆಳೆಯರು ಎಲ್ಲಿದ್ದರೆಂದು ಬರೆದುಕೊಂಡಿರಲಿಲ್ಲ. ಹುಡುಕಿ ಹಿಡಿಯುವಷ್ಟರಲ್ಲಿ ಅವರು ಸೆಟ್ ಆರಿಸಿದ್ದರು.

40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡ್ ಗುಂಡಿಯದು ಇನ್ನೊಂದು ಕಥೆ. ಒಮ್ಮೆ ಒತ್ತಿದರೆ 7.074, ಎಫ್‌ಟಿ8 ಎಂಬ ಡಿಜಿಟಲ್ ಮೋಡ್‌ನ ಸಿಳ್ಳೆ. ಇನ್ನೊಮ್ಮೆ ಒತ್ತಿದರೆ 7.143, ಮತ್ತೊಮ್ಮೆ 7.025. ಹನ್ನೆರಡನೆಯ ಚಾನೆಲ್‌ನ 14.200ರಲ್ಲಿ ಜನ ಮಾತನಾಡುವುದು ಕೇಳುತ್ತದೆ, ಒಂದು ಪದವೂ ಅರ್ಥವಾಗುವುದಿಲ್ಲ. ಸೆಟ್ ಕೆಟ್ಟಿದೆಯೇ?

ಹಳೆಯ ಕೀ
ಸೆಟ್ ಸರಿಯಾಗಿಯೇ ಇದೆ. ನೀವು ಹೇಳಿದ್ದನ್ನೇ ಮಾಡುತ್ತಿದೆ. ನೀವು ಹೇಳಿದ್ದೇನು ಎಂಬುದು ನಿಮಗೆ ಗೊತ್ತಾಗಿಲ್ಲ, ಅಷ್ಟೆ.

ಸುಲಭದ್ದು ಮೊದಲು. ಮೆಮೊರಿ ಚಾನೆಲ್ ಎಂದರೆ ಬರೀ ಒಂದು ಅಂಕಿಯಲ್ಲ. ಉಳಿಸುವ ಕ್ಷಣದಲ್ಲಿ ಸೆಟ್ ಯಾವ ಸ್ಥಿತಿಯಲ್ಲಿತ್ತೋ ಅದೆಲ್ಲವೂ ಒಳಗೆ ಹೋಗುತ್ತದೆ: ಮೋಡ್, ಫಿಲ್ಟರ್, ಟೋನ್. ನೀವು 40 ಮೀಟರಿನಲ್ಲಿ ಎಲ್‌ಎಸ್‌ಬಿಯಲ್ಲಿದ್ದು (ಕೆಳಗಿನ ಸೈಡ್‌ಬ್ಯಾಂಡ್), ಅಂಕಿ ಒತ್ತಿ ನೇರವಾಗಿ 14.200ಕ್ಕೆ ಹಾರಿ, ಮೋಡ್ ನೋಡದೆ ಉಳಿಸಿದ್ದೀರಿ. 20 ಮೀಟರಿನಲ್ಲಿ (14 ಮೆಗಾಹರ್ಟ್ಸ್) ಮಾತಿಗೆ ಎಲ್ಲರೂ ಯುಎಸ್‌ಬಿ (ಮೇಲಿನ ಸೈಡ್‌ಬ್ಯಾಂಡ್). ತಪ್ಪು ಸೈಡ್‌ಬ್ಯಾಂಡಿನಲ್ಲಿ ಧ್ವನಿ ತಲೆಕೆಳಗಾಗುತ್ತದೆ: ಕೀರಲು ಗಡಸಾಗಿ, ಗಡಸು ಕೀರಲಾಗಿ. ಯುಎಸ್‌ಬಿಗೆ ತಿರುಗಿಸಿ ಅದೇ ಚಾನೆಲ್‌ನ ಮೇಲೆ ಮತ್ತೆ ಬರೆಯಿರಿ.

ನಿಮ್ಮ 7.110ರ ವಿಷಯ. ಮೆಮೊರಿ ಮೋಡ್‌ನಲ್ಲಿ ಡಯಲ್ ತಿರುಗಿಸಿದರೆ ಅದು ತಾತ್ಕಾಲಿಕ. ಚಾನೆಲ್ ಬದಲಿಸಿದೊಡನೆ ನಿಮ್ಮ ಓಡಾಟ ಅಳಿಸಿಹೋಗುತ್ತದೆ. ಹಾಗಾಗದಿರಲಿ ಎಂದೇ ಮೆಮೊರಿಯಿಂದ ವಿಎಫ್‌ಒಗೆ (ಡಯಲ್ ತಿರುಗಿಸಿದಂತೆ ಓಡಾಡುವ ಮಾಮೂಲಿ ಸ್ಥಿತಿಗೆ) ನಕಲಿಸುವ ಗುಂಡಿ ಇದೆ, ಬಹುತೇಕ ಸೆಟ್‌ಗಳಲ್ಲಿ ಎಂ ಮತ್ತು ವಿ ನಡುವೆ ಬಾಣ ಹಾಕಿರುತ್ತಾರೆ. ಮೊದಲು ನಕಲಿಸಿ, ವಿಎಫ್‌ಒಗೆ ಬಂದು, ಆಮೇಲೆ ತಿರುಗಿಸಿ.

ಬ್ಯಾಂಡ್ ಗುಂಡಿಗೆ ತನ್ನದೇ ನೆನಪಿದೆ, 99 ಚಾನೆಲ್‌ಗಳಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಸೆಟ್ ಪ್ರತಿ ಬ್ಯಾಂಡಿಗೆ ಮೂರು ಜಾಗಗಳನ್ನು ಮೋಡ್ ಸಮೇತ ಇಟ್ಟುಕೊಂಡಿದೆ, ಒತ್ತಿದಂತೆ ಸುತ್ತುತ್ತದೆ. ಇದನ್ನು ದೂರುವ ಬದಲು ಬಳಸಿಕೊಳ್ಳಿ: ಒಂದರಲ್ಲಿ ಮೋರ್ಸ್, ಒಂದರಲ್ಲಿ ಡಿಜಿಟಲ್, ಒಂದರಲ್ಲಿ ಮಾತು. ನಾನು ಎಚ್‌ಎಫ್‌ನಲ್ಲಿ ಮಾತುಕತೆಗೆ ಮೆಮೊರಿಯನ್ನು ಮುಟ್ಟುವುದೇ ಇಲ್ಲ. ಅಲ್ಲಿ ಯಾರೂ ಒಂದೇ ಜಾಗದಲ್ಲಿ ಕೂರುವುದಿಲ್ಲ. ಖಾಲಿ ಕುರ್ಚಿಯ ವಿಳಾಸ ಬರೆದಿಟ್ಟು ಏನು ಪ್ರಯೋಜನ?

ಕದಲದೆ ಕೂತಿರುವುದಕ್ಕೆ ಮೆಮೊರಿ. ಸಮಯ ಸಾರುವ ಡಬ್ಲ್ಯುಡಬ್ಲ್ಯುವಿ ಕೇಂದ್ರದ 5, 10, 15 ಮೆಗಾಹರ್ಟ್ಸ್ ಇಡಿ. ಆಮೇಲೆ ಬೀಕನ್‌ಗಳು, ಅಂದರೆ ತಾವಾಗಿಯೇ ಸಂಕೇತ ಕಳಿಸುತ್ತಿರುವ ಕೇಂದ್ರಗಳು: 14.100, 18.110, 21.150, 24.930, 28.200. ಐದನ್ನೂ ಸಿಡಬ್ಲ್ಯು (ಮೋರ್ಸ್) ಮೋಡ್‌ನಲ್ಲಿ ಒಂದರ ಪಕ್ಕ ಒಂದು ಉಳಿಸಿ. ಜಗತ್ತಿನಾದ್ಯಂತ 18 ಬೀಕನ್‌ಗಳು ಸರದಿಯ ಪ್ರಕಾರ ತಲಾ 10 ಸೆಕೆಂಡು ಕೂಗುತ್ತವೆ, 3 ನಿಮಿಷಕ್ಕೆ ಒಂದು ಸುತ್ತು. 14.100ರಲ್ಲಿ ಕೂಗಿದ ಬೀಕನ್ ಮುಂದಿನ 10 ಸೆಕೆಂಡಿಗೆ 18.110ಕ್ಕೆ ಏರುತ್ತದೆ. ನೀವೂ ಚಾನೆಲ್ ಗುಬುಟನ್ನು ಒಂದೊಂದೇ ಹೆಜ್ಜೆ ತಿರುಗಿಸುತ್ತಾ ಅದರ ಬೆನ್ನುಹತ್ತಬಹುದು. ಯಾವ ಬ್ಯಾಂಡ್ ತೆರೆದಿದೆ, ಅಂದರೆ ದೂರದ ಸಂಕೇತ ತರುತ್ತಿದೆ, ಎಂಬುದು ಒಂದು ನಿಮಿಷದೊಳಗೆ ತಿಳಿಯುತ್ತದೆ.

ಸುಟ್ಟ ಬೆರಳು
ಒಂದು ಎಚ್ಚರಿಕೆ. ಮೆಮೊರಿಗೆ ನಿಮ್ಮ ಆಂಟೆನಾ ಯಾವುದೆಂದು ಗೊತ್ತಿಲ್ಲ. ನನ್ನದು 40 ಮೀಟರಿನ ಡೈಪೋಲ್. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ 20 ಮೀಟರಿನ ಚಾನೆಲ್‌ಗೆ ಹಾರಿ, ಟ್ಯೂನರ್ (ಸೆಟ್ಟಿಗೆ ಆಂಟೆನಾ ಹೊಂದಿಸುವ ಸಾಧನ) ಮುಟ್ಟದೆ ಪಿಟಿಟಿ (ಮಾತನಾಡುವಾಗ ಒತ್ತುವ ಗುಂಡಿ) ಒತ್ತಿದೆ. ಆಂಟೆನಾ ಎಷ್ಟು ಹೊಂದಿಲ್ಲವೆಂದು ತೋರಿಸುವ ಎಸ್‌ಡಬ್ಲ್ಯುಆರ್ ಮುಳ್ಳು ಬಲಕ್ಕೆ ಬಡಿಯಿತು. ಸೆಟ್ ತಾನೇ ಪವರ್ ಇಳಿಸಿಕೊಂಡದ್ದರಿಂದ ಫೈನಲ್‌ಗಳು (ಪ್ರಸಾರದ ಕೊನೆಯ ಹಂತದ ಪವರ್ ಭಾಗಗಳು) ಉಳಿದವು. ವಿಚಿತ್ರವೆಂದರೆ ಅದೇ ತಂತಿ 15 ಮೀಟರಿನಲ್ಲಿ (21 ಮೆಗಾಹರ್ಟ್ಸ್) ತಕ್ಕಮಟ್ಟಿಗೆ ನಡೆಯುತ್ತದೆ, 21 ಎಂಬುದು 7ರ ಮೂರು ಪಟ್ಟು. ಅದಕ್ಕೇ ನಾನು ಟ್ಯೂನರ್ ಬೇಕಾದ ಚಾನೆಲ್‌ಗಳ ಹೆಸರಿನ ಕೊನೆಗೆ ನೆನಪಿಗೆಂದು ಒಂದು ನಕ್ಷತ್ರ ಹಾಕಿಡುತ್ತೇನೆ.

ಆಕಾಶ ನೋಡುವವಳು
ಎಚ್‌ಎಫ್‌ನಿಂದ ಸ್ವಲ್ಪ ಪಕ್ಕಕ್ಕೆ ಹೋಗುತ್ತಿದ್ದೇನೆ, ಕ್ಷಮಿಸಿ. ಮೆಮೊರಿಯ ನಿಜವಾದ ಬೆಲೆ ನನಗೆ ತಿಳಿದದ್ದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ (ಬಂದ ಮಾತನ್ನು ಮರುಪ್ರಸಾರ ಮಾಡುವ ಸೆಟ್) ಹಿಡಿಯುವಾಗ. ನಾವು ಕಳಿಸುವುದು 145.990 ಮೆಗಾಹರ್ಟ್ಸ್‌ನಲ್ಲಿ, ರಿಪೀಟರ್ ತೆರೆಯುವ 67 ಹರ್ಟ್ಸ್ ಟೋನ್ ಜೊತೆಗೆ, ಕೇಳುವುದು 437.800ರಲ್ಲಿ. ನಿಲ್ದಾಣದ ಓಟದಿಂದ ಆವರ್ತನ ಸರಿಯುವ ಡಾಪ್ಲರ್ ಪರಿಣಾಮದಿಂದಾಗಿ ಕೇಳುವ ಕಡೆ ಸುಮಾರು 10 ಕಿಲೋಹರ್ಟ್ಸ್ ಮೇಲಿನಿಂದ ಶುರುವಾಗಿ ಅಷ್ಟೇ ಕೆಳಗಿಳಿಯುತ್ತದೆ. ಒಂದು ಕೈಯಲ್ಲಿ ಆಂಟೆನಾ, ಇನ್ನೊಂದರಲ್ಲಿ ಸೆಟ್. ಡಯಲ್ ತಿರುಗಿಸಲು ಮೂರನೆಯ ಕೈ ಎಲ್ಲಿಂದ ತರುವುದು? ಹಾಗಾಗಿ ಐದು ಚಾನೆಲ್ ಮಾಡಿದ್ದೇನೆ: 437.810, 805, 800, 795, 790. ಕಳಿಸುವ ಆವರ್ತನ, ಟೋನ್ ಐದರಲ್ಲೂ ಒಂದೇ. ಹೆಬ್ಬೆರಳಿನಲ್ಲಿ ಮೆಟ್ಟಿಲು ಇಳಿದಂತೆ ಇಳಿಯುತ್ತೇನೆ.

ಹೊಸ ಡೈಪೋಲ್
ಎಲ್ಲರಿಗೂ ವಂದನೆ. 14.200 ಈಗ ಮನುಷ್ಯರ ಮಾತಾಯಿತು. ಹಳೆಯ ಕೀ ಸರ್, ನಿಮ್ಮ ಐದು ಬೀಕನ್‌ಗಳನ್ನು 21ರಿಂದ 25ರವರೆಗೆ ಇಟ್ಟು ಬೆಳಿಗ್ಗೆ ಬೆನ್ನುಹತ್ತಿದೆ. 14.100ರಲ್ಲಿ ಒಂದು ಕರೆ ಸಂಕೇತ, ಹಿಂದೆಯೇ ನಾಲ್ಕು ಉದ್ದ ಡ್ಯಾಶ್‌ಗಳಲ್ಲಿ ಮೂರು ಕೇಳಿದವು, ನಾಲ್ಕನೆಯದು ಇಲ್ಲ. 18.110ರಲ್ಲಿ ಎರಡೇ. 21.150ಕ್ಕೆ ಹೋಗುವಷ್ಟರಲ್ಲಿ ಗುಬುಟನ್ನು ಎರಡು ಹೆಜ್ಜೆ ತಿರುಗಿಸಿಬಿಟ್ಟೆ. ಡ್ಯಾಶ್‌ಗಳು ಹೀಗೆ ಮಾಯವಾಗುವುದೇಕೆ?

ಹಳೆಯ ಕೀ
ಮೊದಲ ಡ್ಯಾಶ್ 100 ವಾಟ್, ಆಮೇಲೆ 10, 1, ಕೊನೆಯದು 0.1. ಮೂರು ಕೇಳಿದ್ದರೆ ನೀವು ಬೆಳಿಗ್ಗೆ ಒಂದು ವಾಟ್ ಕೇಳಿದ್ದೀರಿ.