ಲಾನ್ ಹಳದಿ ತಿರುಗಿದೆ, ಮನೆಯಲ್ಲಿರುವ ಯೂರಿಯಾ ಎಲ್ಲಾ ಹಾಕಿಬಿಡಲಾ?

ಪ್ರಶ್ನೆ: ಮನೆ ಮುಂದೆ 20 ಅಡಿ ಉದ್ದ, 20 ಅಡಿ ಅಗಲದ ಲಾನ್ ಇದೆ. ಕೆಲವು ವಾರಗಳಿಂದ ಹುಲ್ಲು ಪೇಲವವಾಗಿ ಹಳದಿಗೆ ತಿರುಗುತ್ತಿದೆ. ನೀರಂತೂ ದಿನಾ ಬಿಡುತ್ತೇವೆ. ಹತ್ತಿರ 2 ಕೆಜಿ ಯೂರಿಯಾ ಇದೆ. ಅಷ್ಟನ್ನೂ ಎರಚಿದರೆ ಸರಿಹೋಗುತ್ತಾ? ವರ್ಷಕ್ಕೆ ಎಷ್ಟು ಸಲ ಹಾಕಬೇಕು? ಈ ಕೆಲಸ ಬಲ್ಲವರು ಹೇಳಿ.

ಉತ್ತರ (ಲಾನ್ ನಿರ್ವಹಣೆ ನನ್ನ ವೃತ್ತಿ): ಮೊದಲು ಆ ಚೀಲ ಪಕ್ಕಕ್ಕಿಡಿ! ಲೆಕ್ಕ ನೋಡಿ. ಲಾನ್‌ಗೆ ಒಂದು ಸಲಕ್ಕೆ 100 ಚದರ ಅಡಿಗೆ ಹೆಚ್ಚೆಂದರೆ ಸುಮಾರು 45 ಗ್ರಾಂ ಸಾರಜನಕ ಸಾಕು. ಅದೂ ನಿಧಾನವಾಗಿ ಕರಗುವ ಗೊಬ್ಬರವಾದರೆ. ಯೂರಿಯಾ ನೀರು ಬಿದ್ದ ತಕ್ಷಣ ಕರಗುತ್ತದೆ, ಹಾಗಾಗಿ ಅದರ ಅರ್ಧ ಸಾಕು. ಯೂರಿಯಾದಲ್ಲಿ ಶೇಕಡಾ 46 ಸಾರಜನಕ. ನಿಮ್ಮದು 400 ಚದರ ಅಡಿ. ಅಂದರೆ ಒಂದು ಸಲಕ್ಕೆ ಸುಮಾರು 200 ಗ್ರಾಂ ಯೂರಿಯಾ. ನೀವು ಹಾಕಲು ಹೊರಟಿರುವುದು ಅದರ ಹತ್ತು ಪಟ್ಟು.

ಜಾಸ್ತಿ ಹಾಕಿದರೆ ಮಣ್ಣಿನ ನೀರಲ್ಲಿ ಉಪ್ಪಿನಂಶ ಏರುತ್ತದೆ. ಆಗ ಬೇರು ನೀರು ಎಳೆದುಕೊಳ್ಳುವ ಬದಲು ಬೇರಲ್ಲಿರುವ ನೀರೇ ಹೊರಗೆ ಹೋಗುತ್ತದೆ. ಹುಲ್ಲು ಸುಟ್ಟಿತು ಅನ್ನುತ್ತೇವಲ್ಲ, ಅದು ಇದೇ.

ಇನ್ನೊಂದು ಮಾತು. ಹಳದಿ ಕಂಡ ತಕ್ಷಣ ಗೊಬ್ಬರ ಕಡಿಮೆಯಾಗಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಕರೆ ಬರುವ ಲಾನ್‌ಗಳಲ್ಲಿ ಎಷ್ಟೋ ಕಡೆ ಕಾರಣ ಬೇರೆಯೇ ಇರುತ್ತದೆ. ಒಂದು ಹುಲ್ಲಿನ ಕಡ್ಡಿ ಬುಡಸಮೇತ ಕಿತ್ತು ಅಂಗೈ ಮೇಲಿಟ್ಟು ನೋಡಿ. ಕೆಳಗಿನ ಹಳೇ ಎಲೆ ತುದಿಯಿಂದ ಹಳದಿಯಾಗುತ್ತಾ ಬಂದಿದ್ದು, ಮೇಲಿನ ಎಳೆ ಎಲೆ ಇನ್ನೂ ಹಸಿರಾಗಿದ್ದರೆ ಅದು ಸಾರಜನಕದ ಕೊರತೆ. ಗಿಡ ಹಳೇ ಎಲೆಯಿಂದ ಸಾರಜನಕ ಕಿತ್ತು ಹೊಸದಕ್ಕೆ ಕೊಡುತ್ತದೆ, ಅದಕ್ಕೇ ಹಾಗೆ. ಉಲ್ಟಾ ಇದ್ದರೆ, ಅಂದರೆ ಎಳೆ ಎಲೆಯೇ ಹಳದಿಯಾಗಿ ಅದರ ಮೇಲಿನ ಗೆರೆಗಳು ಮಾತ್ರ ಹಸಿರಾಗಿ ಉಳಿದಿದ್ದರೆ, ಅನುಮಾನ ಕಬ್ಬಿಣದ ಮೇಲೆ. ಕಬ್ಬಿಣ ಒಂದು ಎಲೆಯಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗುವುದಿಲ್ಲ. ಮಣ್ಣಿನ ಪಿಎಚ್ ಜಾಸ್ತಿ ಇರುವ ಕಡೆ, ಅಂದರೆ ಮಣ್ಣು ಕ್ಷಾರೀಯವಾಗಿರುವ ಕಡೆ, ಇದು ಸಾಮಾನ್ಯ. ಅಲ್ಲಿ ಯೂರಿಯಾ ಸುರಿದರೆ ಹುಲ್ಲು ದಬದಬ ಬೆಳೆದು ಹಳದಿ ಇನ್ನೂ ಎದ್ದು ಕಾಣಬಹುದು.

ಆಮೇಲೆ, ಒಂದು ಉದ್ದ ಸ್ಕ್ರೂಡ್ರೈವರ್ ತಗೊಂಡು ನೆನೆದ ಮಣ್ಣಿಗೆ ಒತ್ತಿ ನೋಡಿ. ಎಷ್ಟು ಇಳಿಯಿತು ಅಂತ ಇಲ್ಲೇ ಬರೆಯಿರಿ. ದಿನಾ ನೀರು ಅಂದಿರಿ, ಅದರ ಬಗ್ಗೆಯೂ ಮಾತಾಡಬೇಕಿದೆ.

ಎಷ್ಟು ಸಲ ಅನ್ನುವುದು ಹುಲ್ಲಿನ ಜಾತಿ ಮೇಲೆ ನಿಂತಿದೆ. ಬರ್ಮುಡಾ, ಜೋಯ್ಸಿಯಾ ಬಿಸಿಲಿನ ಹುಲ್ಲುಗಳು. ಅವು ಚುರುಕಾಗಿ ಬೆಳೆಯುವ ಬೆಚ್ಚಗಿನ ತಿಂಗಳುಗಳಲ್ಲಿ ಕೊಡಿ, ಚಳಿಗೆ ನಿದ್ದೆ ಹೋದಾಗ ಬೇಡ. ರೈ, ಫೆಸ್ಕ್ಯೂ ತಂಪಿನ ಹುಲ್ಲುಗಳು. ಅವಕ್ಕೆ ಸುಡುಬೇಸಿಗೆಯಲ್ಲಿ ಕೊಡಬಾರದು. ಬೇಸಿಗೆ ಕಳೆದು ತಂಪಾಗುವಾಗ ಕೊಡುವುದೇ ಮುಖ್ಯ. ಕ್ಯಾಲೆಂಡರ್ ನೋಡಿ ಹಾಕುವುದಕ್ಕಿಂತ ಹುಲ್ಲು ಬೆಳೆಯುತ್ತಿದೆಯಾ ಅಂತ ನೋಡಿ ಹಾಕಿ.

ಇನ್ನೊಬ್ಬ ಸದಸ್ಯರು: ನಮ್ಮ ಹತ್ತಿರ 15-15-15 ಗೊಬ್ಬರ ಇದೆ. ಎಲ್ಲಾ ಸಮವಾಗಿದೆ, ಅದು ಯೂರಿಯಾಕ್ಕಿಂತ ಒಳ್ಳೇದಲ್ವಾ?

ಉತ್ತರ: ಮೂರು ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾವಾರು ಲೆಕ್ಕ. ಹುಲ್ಲಿಗೆ ಮೂರೂ ಸಮವಾಗಿ ಬೇಕಿಲ್ಲ. ಬೇರೂರಿದ ಲಾನ್‌ಗೆ ರಂಜಕ ತುಂಬಾ ಕಡಿಮೆ ಸಾಕು. ಪ್ರತಿ ಸಲ ಹಾಕುತ್ತಾ ಹೋದರೆ ಮಣ್ಣಲ್ಲಿ ಶೇಖರವಾಗುತ್ತದೆ, ಮಳೆಗೆ ಕೊಚ್ಚಿಹೋಗಿ ಕೆರೆ ಸೇರಿ ಪಾಚಿ ಬೆಳೆಸುತ್ತದೆ. ಮಣ್ಣು ಪರೀಕ್ಷೆಯಲ್ಲಿ ರಂಜಕ ಕಡಿಮೆ ಅಂತ ಬಂದರೆ, ಇಲ್ಲವೇ ಹೊಸದಾಗಿ ಬೀಜ ಬಿತ್ತುತ್ತಿದ್ದರೆ ಸರಿ. ಇಲ್ಲದಿದ್ದರೆ ಸುಮ್ನೆ ದಂಡ.

ಮತ್ತೊಬ್ಬರು: ನಮ್ಮದು ಆಗಲೇ ಸುಟ್ಟಿದೆ. ಕೆಲವು ಕಡೆ ಗಾಢ ಹಸಿರು ಪಟ್ಟೆ, ಕೆಲವು ಕಡೆ ಒಣಹುಲ್ಲಿನ ಬಣ್ಣ. ಒಂದೆರಡು ಕಡೆ ನಡುವೆ ಸತ್ತು, ಸುತ್ತ ಮಾತ್ರ ದುಂಡಗೆ ಹಸಿರಾಗಿದೆ.

ಉತ್ತರ: ದುಂಡಗೆ ಇರುವುದು ಬಹುಶಃ ನಾಯಿ ಮಾಡಿದ ಕೆಲಸ! ಮೂತ್ರದಲ್ಲೂ ಸಾರಜನಕವೇ ಇರುವುದು. ನಡುವೆ ಮಿತಿಮೀರಿ ಸುಟ್ಟಿತು, ಅಂಚಲ್ಲಿ ತೆಳುವಾಗಿ ಗೊಬ್ಬರವಾಯಿತು. ಪಟ್ಟೆ ಬಂದಿರುವುದು ಎರಚುವಾಗ ಕೈ ಒಂದೇ ಸಮ ಹೋಗದೆ. ಈಗ ಚೆನ್ನಾಗಿ ನೀರು ಬಿಟ್ಟು ಉಪ್ಪನ್ನು ಬೇರಿನಿಂದ ಕೆಳಗಿಳಿಸಿ. ಕೆಲವು ದಿನ ಹೀಗೇ ಮಾಡಿ, ಆದರೆ ನೀರು ನಿಲ್ಲಬಾರದು. ಒಣಗಿದ ಹುಲ್ಲಿನ ಬುಡ ಹಿಚುಕಿ ನೋಡಿ. ಬೆಳ್ಳಗೆ ಗಟ್ಟಿಯಾಗಿದ್ದರೆ ಮತ್ತೆ ಚಿಗುರುತ್ತದೆ. ಕಂದಾಗಿ ಪುಡಿಯಾದರೆ ಆ ಜಾಗಕ್ಕೆ ಹೊಸ ಹುಲ್ಲೇ ಗತಿ.

ಅದೇ ಸದಸ್ಯರು: ಕತ್ತರಿಸಿದ ಹುಲ್ಲು ಗುಡಿಸಿ ಎಸೆಯುತ್ತೇವೆ. ಅಲ್ಲೇ ಬಿಟ್ಟರೆ ತೊಂದರೆ ಇಲ್ವಾ?

ಉತ್ತರ: ಬಿಡಿ, ಬಿಡಿ. ಲಾನ್‌ಗೆ ಬೇಕಾದ ಸಾರಜನಕದಲ್ಲಿ ಸುಮಾರು ಕಾಲು ಭಾಗ ಅದರಿಂದಲೇ ಬರುತ್ತದೆ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ. ಆಗ ಚೂರುಗಳು ಸಣ್ಣಗಿರುತ್ತವೆ, ಬೇಗ ಕೊಳೆಯುತ್ತವೆ. ರೋಗ ಬಿದ್ದ ಹುಲ್ಲಾದರೆ ಮಾತ್ರ ತೆಗೆಯಿರಿ.

ಮೊದಲು ಕೇಳಿದವರು: ನೋಡಿದೆ. ಕೆಳಗಿನ ಎಲೆಗಳೇ ಹಳದಿ, ಎಳೆಯವು ಹಸಿರು. ಆದರೆ ಸ್ಕ್ರೂಡ್ರೈವರ್ ಒಂದು ಇಂಚೂ ಇಳಿಯಲಿಲ್ಲ.

ಉತ್ತರ: ಹಾಗಿದ್ದರೆ ಎರಡೂ ಇದೆ. ಸಾರಜನಕ ಬೇಕು, ಆದರೆ ಮಣ್ಣು ಕಲ್ಲಾಗಿದೆ. ಬೇರು ಮೇಲೆಮೇಲೇ ಉಳಿದಿರುತ್ತದೆ. ಎಷ್ಟೇ ಗೊಬ್ಬರ ಹಾಕಿದರೂ ಪೂರ್ತಿ ಪ್ರಯೋಜನವಿಲ್ಲ. ಮೊದಲು ಮಣ್ಣಿನ ಸಣ್ಣ ಉಂಡೆ ಹೊರತೆಗೆಯುವ ಸಾಧನದಿಂದ ಎರಡು ಮೂರು ಇಂಚು ಆಳದ ತೂತು ಮಾಡಿಸಿ. ಬರೀ ಮೊಳೆ ಚುಚ್ಚಿದರೆ ಸುತ್ತಲ ಮಣ್ಣು ಇನ್ನಷ್ಟು ಒತ್ತಿಕೊಳ್ಳುತ್ತದೆ. ಮೇಲೆ ಜರಡಿ ಹಿಡಿದ ಕಾಂಪೋಸ್ಟ್ ತೆಳ್ಳಗೆ ಹರಡಿ. ಹುಲ್ಲಿನ ತುದಿ ಮುಚ್ಚಬಾರದು.

ಆಮೇಲೆ 200 ಗ್ರಾಂ ಯೂರಿಯಾ ತಕ್ಕಡಿಯಲ್ಲಿ ತೂಗಿ, ಕಣ್ಣಂದಾಜು ಬೇಡ. ಒಣ ಮರಳಲ್ಲಿ ಬೆರೆಸಿ ಎರಡು ಪಾಲು ಮಾಡಿ. ಒಂದು ಪಾಲು ಉದ್ದಕ್ಕೆ ನಡೆಯುತ್ತಾ, ಇನ್ನೊಂದು ಅಡ್ಡಕ್ಕೆ ನಡೆಯುತ್ತಾ ಎರಚಿ. ಎಲೆ ಒಣಗಿರಬೇಕು, ಒದ್ದೆ ಎಲೆಗೆ ಹರಳು ಅಂಟಿದರೆ ಅಲ್ಲೇ ಚುಕ್ಕೆಚುಕ್ಕೆಯಾಗಿ ಸುಡುತ್ತದೆ. ಎರಚಿದ ತಕ್ಷಣ ನೀರು ಬಿಡಿ. ಯೂರಿಯಾ ಮೇಲೆಯೇ ಕೂತರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಜೋರು ಮಳೆಯ ಮುನ್ಸೂಚನೆ ಇದ್ದರೆ ಆ ದಿನ ಬೇಡ. ಕಾಲುದಾರಿ ಮೇಲೆ ಬಿದ್ದ ಹರಳನ್ನು ಗುಡಿಸಿ ಲಾನ್‌ಗೇ ಹಾಕಿ.

ದಿನಾ ಸ್ವಲ್ಪ ಸ್ವಲ್ಪ ನೀರು ಬಿಡುವುದು ನಿಲ್ಲಿಸಿ. ವಾರಕ್ಕೆ ಒಟ್ಟು 25 ಮಿಲಿಮೀಟರ್ ಆಸುಪಾಸು, ಅದನ್ನು ಎರಡು ಸಲಕ್ಕೆ, ಆಳಕ್ಕೆ ಇಳಿಯುವ ಹಾಗೆ ಬಿಡಿ. ನಿಮ್ಮ ಮಣ್ಣು ಗಟ್ಟಿ ಇರುವುದರಿಂದ ಮೊದಮೊದಲು ಹರಿದುಹೋಗುತ್ತದೆ. ಸ್ವಲ್ಪ ಬಿಟ್ಟು, ಇಂಗಿದ ಮೇಲೆ ಮತ್ತೆ ಬಿಡಿ. ಎರಡು ವಾರ ಬಿಟ್ಟು ಫೋಟೋ ಹಾಕಿ, ಮಿಕ್ಕ ಯೂರಿಯಾ ಬೇಕಾ ಅಂತ ಆಗ ನೋಡೋಣ.